ಆರು ದಾಟದ ನೋವು

ಜುಲೈ 1, ಬುಧವಾರ

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಕರೆತಂದೆವು ಎನ್ನುವುದು ದೊಡ್ಡ ಮಾತಾಯಿತು. ಆಂಬುಲೆನ್ಸಿನ ಇಬ್ಬರು ಸ್ಟ್ರೆಚರಿನಲ್ಲಿ ಹೊತ್ತು ತಂದರು, ನಾನು ಹಿಂದಿನಿಂದ ಬಕೆಟ್ಟು, ಚಪ್ಪಲಿ ಹಿಡಿದುಕೊಂಡು ಬಂದೆ. ನಮ್ಮದು ಎರಡನೇ ಮಹಡಿ. ಲಿಫ್ಟು ಕೆಟ್ಟು ಒಂದು ವರ್ಷವಾಗಿದೆ. ಮೆಟ್ಟಿಲು ತಿರುಗುವ ಕಡೆಯೆಲ್ಲ ಅಮ್ಮ ಕಿರುಚಿದಳು. ಮೊದಲ ಮಹಡಿಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ಬಾಯಿ ತೆರೆದುಕೊಂಡು ನಿಂತ. ಬಕೆಟ್ಟು ಅವನ ತಲೆಗೆ ಕವುಚಬೇಕು ಅನ್ನಿಸಿತು.

ಅಮ್ಮನಿಗೆ ಎಂಬತ್ತೊಂಬತ್ತು. ಹೋದ ವಾರ ಬಚ್ಚಲ ಬಾಗಿಲಿನ ಕಾಲೊರಸು ಜಾರಿ ಬಿದ್ದಳು. ಬಲ ತೊಡೆಯ ಮೂಳೆ ಸೊಂಟದ ಬುಡದಲ್ಲೇ ಮುರಿಯಿತು. ಆಪರೇಷನ್ ಎಂದರು, ಆಮೇಲೆ ಹೃದಯದ ಪರೀಕ್ಷೆ ಮಾಡಿದರು, ಆಮೇಲೆ ಅರಿವಳಿಕೆ ಡಾಕ್ಟರು ಕಾಗದ ಮಡಚಿಟ್ಟು, "ಟೇಬಲ್ ಮೇಲೇ ಹೋಗ್ಬಿಡ್ತಾರೆ" ಎಂದರು. ಅಣ್ಣನೂ ನಾನೂ ಕಾರಿಡಾರಿನಲ್ಲಿ ನಿಂತು ಹತ್ತು ನಿಮಿಷದಲ್ಲಿ ತೀರ್ಮಾನಿಸಿದೆವು: ಬೇಡ. ಹತ್ತು ನಿಮಿಷವೇ ಜಾಸ್ತಿಯಾಯಿತು, ಅಣ್ಣನಿಗೆ ಪಾರ್ಕಿಂಗಿನ ಚಿಂತೆ.

ಕೊನೆಗೆ ಬಂದವರು ನೋವಿನ ಡಾಕ್ಟರು. ವಾಸಿಯಾಗದ ರೋಗಿಗಳ ನೋವು ತಗ್ಗಿಸುವುದೇ ಇವರ ಕೆಲಸವಂತೆ. ಸಣ್ಣ ಹೆಂಗಸು, ಮಾತು ನಿಧಾನ. "ಮೂಳೆ ಕೂಡಲ್ಲ ಮೇಡಂ. ಇನ್ನು ವಾರಗಳ ಲೆಕ್ಕ. ಆದ್ರೆ ಆ ವಾರಗಳು ನೋವಿಲ್ದೆ ಕಳೀಬಹುದು. ಅದು ನಿಮ್ಮ ಕೈಲಿದೆ" ಎಂದರು. ಹೊತ್ತು ಹೊತ್ತಿಗೆ ಮಾತ್ರೆ. ದಿನಕ್ಕೆ ನಾಲ್ಕು ಸಲ ಮಾರ್ಫಿನ್ ಸಿರಪ್, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು. ಮೈ ಒರೆಸುವ ಅರ್ಧ ಗಂಟೆ ಮುಂಚೆ ಒಂದು ಸಲ ಕೊಡಲೇಬೇಕು. ಮಗ್ಗುಲು ಬದಲಿಸುವಾಗ ಇಬ್ಬರು ಹಿಡಿಯಬೇಕು, ಕಾಲುಗಳ ನಡುವೆ ದಿಂಬು ಇರಬೇಕು. ಒಂದು ಪಟ್ಟಿಯನ್ನೂ ಕೊಟ್ಟಿದ್ದಾರೆ. ದಿನಕ್ಕೆ ಮೂರು ಸಲ, ಕಾಲು ಅಲುಗಿದಾಗ, ನೋವು ಎಷ್ಟು ಎಂದು ಕೇಳಿ ಬರೆಯಬೇಕು. ನೋವೇ ಇಲ್ಲದಿದ್ದರೆ ಸೊನ್ನೆ, ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ ಎಂದರೆ ಹತ್ತು.

"ಎರಡು ದಿನ ಸತತ ಆರು ಅಥ್ವಾ ಅದಕ್ಕಿಂತ ಮೇಲೆ ಬಂತು ಅಂದ್ರೆ ನಂಗೆ ಹೇಳಿ. ಮನೆಗೇ ಬಂದು ಸೊಂಟದ ನರಕ್ಕೆ ಇಂಜೆಕ್ಷನ್ ಕೊಡ್ತೀನಿ, ಆ ಜಾಗ ಮರಗಟ್ಟುತ್ತೆ. ಆರರ ಕೆಳಗಿದ್ರೆ ಸಿರಪ್ಪೇ ಸಾಕು."

ಪಟ್ಟಿಯನ್ನು ಅಲಮಾರಿನ ಬಾಗಿಲಿಗೆ ಅಂಟಿಸಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಗಣಿತ ಹೇಳಿ, ಸಾವಿರಾರು ಉತ್ತರಪತ್ರಿಕೆ ತಿದ್ದಿದವಳಿಗೆ ಹತ್ತರೊಳಗಿನ ಅಂಕ ತುಂಬುವುದು ಹೇಗೆಂದು ಎರಡೆರಡು ಸಲ ಹೇಳಿಕೊಟ್ಟರು. ಇರಲಿ. ಶಾಲೆಗೆ ರಜೆ ಬರೆದು ಕಳಿಸಿದ್ದೇನೆ. ಅಮ್ಮನಿಗೆ ಇನ್ನು ಒಂದು ದಿನವೂ ನೋವಾಗಲು ಬಿಡುವುದಿಲ್ಲ.

ಜುಲೈ 2, ಗುರುವಾರ

ಮೈ ಒರೆಸಿದೆವು. ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೋಗುವ ಆಯಾ ಒಬ್ಬಳು ಸಿಕ್ಕಿದ್ದಾಳೆ. ಗಟ್ಟಿ ತೋಳು, ಅದಕ್ಕಿಂತ ಗಟ್ಟಿ ಬಾಯಿ. ಬಲಗಾಲು ಎರಡು ಬೆರಳು ಗಿಡ್ಡವಾಗಿದೆ, ಪಾದ ಹೊರಗೆ ಹೊರಳಿಕೊಂಡಿದೆ, ಯಾರದ್ದೋ ಕಾಲನ್ನು ತಂದು ಜೋಡಿಸಿದ ಹಾಗೆ. ಒಂದು, ಎರಡು, ಮೂರು ಎಂದು ಮಗ್ಗುಲು ತಿರುಗಿಸಿದೆವು. ಅಮ್ಮನಿಂದ ಬಂದ ಸದ್ದು ಬರೆಯಲಾರೆ.

"ಎಷ್ಟಮ್ಮ? ಹತ್ತರಲ್ಲಿ ಎಷ್ಟು?"

"ಒಂಬತ್ತು ಕಣೇ. ಹತ್ತು ಹೇಗಿರುತ್ತೋ ನಾನು ಕಂಡಿಲ್ಲ, ಅದಕ್ಕೇ ಒಂದು ಬಿಟ್ಟೆ."

ಒಂಬತ್ತು ಎಂದು ಬರೆದೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಆಯಾ ಹೊರಗಿನಿಂದ, "ಅಕ್ಕಾ, ನೀರು ಸುಮ್ನೆ ಹೋಗ್ತಿದೆ" ಎಂದಳು.

ಸಂಜೆ ಡಾಕ್ಟರಿಗೆ ಫೋನ್ ಮಾಡಿದೆ. ಸಿರಪ್ಪು ಹೆಚ್ಚಿಸಿದರು. ಮೂರು ದಿನಕ್ಕೊಮ್ಮೆ ತಾವೇ ಫೋನ್ ಮಾಡಿ ಅಂಕ ಕೇಳುತ್ತಾರಂತೆ.

ಜುಲೈ 4, ಶನಿವಾರ

ನಿದ್ದೆ. ಬರೀ ನಿದ್ದೆ. ನಿನ್ನೆಯೆಲ್ಲ ಮಲಗಿದ್ದಳು. ಹಾಲು ಕುಡಿಸಲು ಎಬ್ಬಿಸಿದರೆ ನನ್ನನ್ನು ನೋಡಿ, "ಲೈನ್ ಬಿಜಿ ಇದೆ, ಆಮೇಲೆ ಮಾಡಿ" ಎಂದು ಕಣ್ಣು ಮುಚ್ಚಿದಳು. ಮೂವತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತಿಗೆ ಮಾತು ಜೋಡಿಸಿದವಳು. ಮನೆಗೆ ಬಂದರೆ ಕಿವಿ ನೋವು, ಬಾಯಿ ನೋವು, ಸುಮ್ಮನಿರಿ ಎನ್ನುತ್ತಿದ್ದಳು. ಅಣ್ಣನಿಗೂ ನನಗೂ ಉಳಿದದ್ದು ಅವಳ ಬೆನ್ನು ಮಾತ್ರ.

ಇವತ್ತು ಮಧ್ಯಾಹ್ನ ಒಂದು ಗಂಟೆಯ ಸಿರಪ್ಪು ಮರೆತೆ. ಶಾಲೆಯಿಂದ ಹೆಡ್‌ಮಿಸ್ ಫೋನ್, ಪ್ರಶ್ನೆಪತ್ರಿಕೆಯ ಗಲಾಟೆ. ಎರಡೂವರೆಗೆ ಕೋಣೆಗೆ ಓಡಿ ಬಂದರೆ ಅಮ್ಮ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿದ್ದಳು. "ಬಾ ಪುಟ್ಟಿ, ಕೂತ್ಕೋ" ಎಂದಳು. ಪುಟ್ಟಿ ಎಂದು ಕರೆದು ಎಷ್ಟು ಕಾಲವಾಯಿತೋ. ನಾನು ಹುಟ್ಟಿದ ಮೂರನೇ ವಾರಕ್ಕೇ ಕೆಲಸಕ್ಕೆ ಹೋದದ್ದು, ಸ್ವಿಚ್‌ಬೋರ್ಡಿನ ಕೆಳಗೆ ಹಣ್ಣಿನ ಬುಟ್ಟಿಯಲ್ಲಿ ನನ್ನನ್ನು ಮಲಗಿಸಿಕೊಂಡದ್ದು, ಮೇಲಧಿಕಾರಿ ಬಂದಾಗ ಬುಟ್ಟಿಯ ಮೇಲೆ ಕೋಟು ಹಾಕಿ ಮುಚ್ಚಿದ್ದು, ಎಲ್ಲ ಹೇಳಿದಳು. ಮುಕ್ಕಾಲು ಗಂಟೆ! ಆಮೇಲೆ ನೋವು ಏರಿತು, ಮಾತು ತುಂಡಾಯಿತು, ನನ್ನ ಮಣಿಕಟ್ಟು ಹಿಡಿದುಕೊಂಡಳು. ಸಿರಪ್ಪು ಕೊಟ್ಟೆ. ಅರ್ಧ ಗಂಟೆಯಲ್ಲಿ ಕೈ ಸಡಿಲವಾಯಿತು.

ಐವತ್ತೆಂಟು ವರ್ಷದಲ್ಲಿ ಅಮ್ಮ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು. ಸಂತೋಷವಾಯಿತು, ಅದನ್ನು ಬರೆಯಲು ಏಕೆ ನಾಚಿಕೆ.

ಜುಲೈ 5, ಭಾನುವಾರ

ಅಣ್ಣ ಬಂದ. ಸೇಬು ತಂದ. ಹಲ್ಲಿಲ್ಲದ ಬಾಯಿಗೆ ಸೇಬು. ಮಂಚದ ಪಕ್ಕ ನಿಂತುಕೊಂಡೇ, "ನೋವು ಹೇಗಿದ್ಯಮ್ಮಾ?" ಎಂದ.

"ಏನಿಲ್ವೋ, ಪರವಾಗಿಲ್ಲ."

"ಹತ್ತರಲ್ಲಿ ಎಷ್ಟು?"

"ಎರಡು ಅಂತಿಟ್ಕೋ."

ಅರ್ಧ ಗಂಟೆ ಮುಂಚೆ ನನಗೆ ಒಂಬತ್ತು ಎಂದವಳು! ಅಣ್ಣ ಅಡುಗೆಮನೆಗೆ ಬಂದು, "ನೀನು ಫೋನಲ್ಲಿ ಹೇಳೋದು ಕೇಳಿದ್ರೆ ಪ್ರಾಣ ಹೋಗ್ತಿದೆಯೇನೋ ಅನ್ಸುತ್ತೆ. ಆರಾಮಾಗೇ ಇದ್ದಾಳಲ್ಲೇ" ಎಂದು ಚಹಾ ಕುಡಿದು ಹೋದ.

ನಾನು ಅಮ್ಮನನ್ನು ನೇರವಾಗಿ ಕೇಳಿದೆ. "ಮಗ ಬಂದ್ರೆ ಎರಡು, ಮಗಳು ಕೇಳಿದ್ರೆ ಒಂಬತ್ತಾ? ಏನಮ್ಮ ಇದು ನಾಟಕ?"

"ಅವನಿಗೆ ಹೇಳಿದ್ರೆ ಹೆದರ್ಕೊಂಡು ಬರೋದೇ ಬಿಟ್ಬಿಡ್ತಾನೆ. ನೀನಾದ್ರೆ ಎಲ್ಲಿಗೆ ಹೋಗ್ತೀಯ?"

ಹೊಟ್ಟೆ ಉರಿಯಿತು. ಪೆನ್ನು ಹಿಡಿದು ಪಟ್ಟಿಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಮೌಲ್ಯಮಾಪನದಲ್ಲಿ ಒಂದೇ ಉತ್ತರಪತ್ರಿಕೆಗೆ ಇಬ್ಬರು ಬೇರೆ ಬೇರೆ ಅಂಕ ಕೊಟ್ಟರೆ ಸರಾಸರಿ ತೆಗೆಯುತ್ತೇವೆ. ಅಂತರ ತೀರಾ ಹೆಚ್ಚಿದ್ದರೆ ಮೂರನೆಯವರ ಕೈಗೆ ಕೊಡಬೇಕು. ಇಲ್ಲಿ ಮೂರನೆಯವರು ಎಲ್ಲಿದ್ದಾರೆ? ಒಂಬತ್ತಕ್ಕೆ ಎರಡು ಕೂಡಿಸಿದರೆ ಹನ್ನೊಂದು, ಅರ್ಧ ಮಾಡಿದರೆ ಐದೂವರೆ. ಅರ್ಧ ಅಂಕವನ್ನು ನಾನು ಯಾವತ್ತೂ ಮೇಲಕ್ಕೆ ಹತ್ತಿಸಿದವಳಲ್ಲ.

ಐದು ಎಂದು ಬರೆದೆ.

ಜುಲೈ 7, ಮಂಗಳವಾರ

ಡಾಕ್ಟರು ಫೋನ್ ಮಾಡಿದರು. ಭಾನುವಾರ ಐದು, ನಿನ್ನೆ ಐದು, ಇವತ್ತು ಐದು ಎಂದೆ.

"ಮಗ್ಗುಲು ಬದಲಿಸ್ವಾಗಲೂ ಐದೇನಾ?"

"ಹೌದು. ಆದ್ರೆ ಮಂಪರು ಜಾಸ್ತಿ ಡಾಕ್ಟ್ರೇ. ನನ್ನ ಗುರುತೇ ಸಿಗಲ್ಲ."

"ಹಾಗಿದ್ರೆ ಬೆಳಗಿಂದು ಅರ್ಧ ಮಾಡಿ ನೋಡೋಣ. ಆರು ದಾಟಿದ್ರೆ ಮರೀದೆ ಹೇಳಿ."

ಸುಳ್ಳು ಹೇಳಿಲ್ಲ. ಅಮ್ಮ ಹೇಳಿದ ಅಂಕ ಬೇರೆ, ಅವಳಿಗೆ ಸಲ್ಲಬೇಕಾದ ಅಂಕ ಬೇರೆ. ಮಕ್ಕಳು ತಮಗೆ ತಾವೇ ಅಂಕ ಹಾಕಿಕೊಂಡರೆ ಎಲ್ಲರೂ ಮೊದಲ ದರ್ಜೆಯೇ.

ಆಯಾ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದಳು. ಫೋನ್ ಇಟ್ಟ ಕೂಡಲೇ ತೋಳು ಮುಂದೆ ಚಾಚಿದಳು. "ಐದಾ ಅಕ್ಕ? ಇದನ್ನ ನೋಡಿ. ಬೆಳಗ್ಗೆ ತಿರುಗಿಸ್ವಾಗ ಅಜ್ಜಿ ಹಿಡ್ಕೊಂಡಿದ್ದು." ನಾಲ್ಕು ಉಗುರಿನ ಗುರುತು, ಒಂದರಲ್ಲಿ ರಕ್ತ ಒಣಗಿತ್ತು.

ಮಧ್ಯಾಹ್ನ ಅಮ್ಮನ ಉಗುರು ಕತ್ತರಿಸಿದೆ.

ಜುಲೈ 9, ಗುರುವಾರ

ಅರ್ಧ ಸಿರಪ್ಪು ಕೆಲಸ ಮಾಡುತ್ತಿದೆ. ಹನ್ನೊಂದರಿಂದ ಒಂದರವರೆಗೆ ಅಮ್ಮ ಪೂರ್ತಿ ಎಚ್ಚರ. ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಇವತ್ತು ಅಪ್ಪನನ್ನು ಮೊದಲು ಕಂಡದ್ದಲ್ಲ, ಕೇಳಿದ್ದು ಹೇಗೆ ಎಂದು ಹೇಳಿದಳು. ರಾಂಗ್ ನಂಬರಿಗೆ ಬೈದ ಗಂಡಸಂತೆ ಅಪ್ಪ. ಈಕೆ ಮತ್ತೆ ಮತ್ತೆ ರಾಂಗ್ ನಂಬರ್ ಜೋಡಿಸಿದಳಂತೆ. ಎಷ್ಟು ನಕ್ಕೆವು! ನಕ್ಕಾಗ ಸೊಂಟ ಅಲುಗಿ ಅಮ್ಮನ ಮುಖ ಬಿಳುಚಿತು. ಹಲ್ಲು ಕಚ್ಚಿ, ಉಸಿರು ಹಿಡಿದು, ಆಮೇಲೆ, "ಸಿರಪ್ ಕೊಡೇ" ಎಂದಳು.

"ಇನ್ನೂ ಹನ್ನೆರಡೂಕಾಲು. ಒಂದಕ್ಕೆ ಕೊಡ್ತೀನಿ. ಅಲ್ಲಿವರೆಗೆ ಮುಂದಿಂದು ಹೇಳು. ಅಪ್ಪ ಆಮೇಲೆ ಏನಂದ್ರು?"

ಹೇಳಿದಳು. ಸ್ವಲ್ಪ ಅವಸರದಲ್ಲಿ ಮುಗಿಸಿದಳು ಅನ್ನಿಸಿತು.

ಜುಲೈ 12, ಭಾನುವಾರ

ಅಣ್ಣ ಬರಲಿಲ್ಲ. ಯಾರದ್ದೋ ಗೃಹಪ್ರವೇಶವಂತೆ. ಅದಕ್ಕೋ ಏನೋ ಇವತ್ತು ಅಮ್ಮ ಬೆಳಗಿನಿಂದ "ಹತ್ತು, ಹತ್ತು" ಎಂದು ಬೊಬ್ಬೆ. ಕೆಳಗಿನ ದರ್ಜಿ ಮೇಲೆ ಬಂದು, "ಟೀಚರೇ, ಗಿರಾಕಿಗಳು ಕೇಳ್ತಾರೆ, ಏನಾಗ್ತಿದೆ ಅಂತ" ಎಂದ. ಮರ್ಯಾದೆ ಹೋಯಿತು.

ಹತ್ತಕ್ಕೆ ಹತ್ತು ನಾನು ಯಾರಿಗೂ ಕೊಟ್ಟಿಲ್ಲ. ರಾಜ್ಯಕ್ಕೇ ಮೊದಲು ಬಂದ ಹುಡುಗಿಗೂ ಒಂದು ಗೆರೆ ಸೊಟ್ಟಗಿದೆಯೆಂದು ಅರ್ಧ ಕಳೆದಿದ್ದೇನೆ. ಅಮ್ಮನಿಗೆ ಮೆಲ್ಲಗೆ ತಿಳಿಸಿ ಹೇಳಿದೆ: ಕಿರುಚಿದರೆ ಸಿರಪ್ಪು ಬರುವುದಿಲ್ಲ. ಸಮಾಧಾನವಾಗಿ, ಯೋಚಿಸಿ, ಸರಿಯಾದ ಅಂಕ ಹೇಳಿದರೆ ಬರುತ್ತದೆ.

"ಸರಿಯಾದ್ದು ಅಂದ್ರೆ ಎಷ್ಟು?" ಎಂದಳು.

"ಅದನ್ನ ನಾನು ಹೇಳಿಕೊಟ್ರೆ ಕಾಪಿ ಹೊಡೆದ ಹಾಗಾಗಲ್ವಾ ಅಮ್ಮ?"

ಇನ್ನೊಂದು ಬದಲಾವಣೆ. ಮೈ ಒರೆಸುವ ಮೊದಲು ಕೊಡುತ್ತಿದ್ದ ಸಿರಪ್ಪನ್ನು ಒರೆಸಿದ ಮೇಲೆ ಕೊಡುತ್ತೇನೆ. ಪರೀಕ್ಷೆಗೆ ಮುಂಚೆ ಬಹುಮಾನ ಕೊಡುವ ಪದ್ಧತಿ ಎಲ್ಲೂ ಇಲ್ಲ. ಆಯಾ ಬಟ್ಟೆಯನ್ನು ಬಕೆಟ್ಟಿಗೆ ಎಸೆದ ರೀತಿ ನನಗೆ ಹಿಡಿಸಲಿಲ್ಲ.

ಜುಲೈ 13, ಸೋಮವಾರ

ಎಂಟು ಅಂದಳು. ಕಾದೆ. ಏಳು ಅಂದಳು. ಕಾದೆ. ಒಂದೂವರೆಗೆ ಐದು ಅಂದಳು. ತಕ್ಷಣ ಕೊಟ್ಟೆ.

ಜುಲೈ 15, ಬುಧವಾರ

ಎರಡು ದಿನದಿಂದ ಬೆಳಗ್ಗೆ ಐದು, ಮಧ್ಯಾಹ್ನ ಐದು, ಸಂಜೆ ಐದು. ಕಿರುಚಾಟ ನಿಂತಿದೆ. ತಿರುಗಿಸುವಾಗ ಬಾಯಿ ತೆರೆಯುತ್ತಾಳೆ, ಸದ್ದು ಬರುವುದಿಲ್ಲ. ಎಂಬತ್ತೊಂಬತ್ತನೇ ವಯಸ್ಸಿನಲ್ಲೂ ಕಲಿಯುತ್ತಾರೆ ಎಂದರೆ ಹೇಳಿಕೊಡುವವರ ತಾಳ್ಮೆಯೂ ದೊಡ್ಡದೇ. ಪಟ್ಟಿ ನೋಡಲು ಚೆಂದ, ಒಂದೇ ಸಾಲಿನಲ್ಲಿ ಐದುಗಳು.

ಡಾಕ್ಟರು ಸಂಜೆ ಫೋನ್ ಮಾಡಿ, "ಇಷ್ಟು ಸ್ಥಿರವಾಗಿ ಬರೋದು ಅಪರೂಪ" ಎಂದರು. ಮೆಚ್ಚಿಕೊಂಡದ್ದೋ ಏನೋ, ದನಿ ಹಾಗಿರಲಿಲ್ಲ.

ಜುಲೈ 17, ಶುಕ್ರವಾರ

ಅಮ್ಮ ಎಚ್ಚರ ಇದ್ದಾಳೆ. ಮಾತಿಲ್ಲ. ಹನ್ನೊಂದಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಸ್ವಿಚ್‌ಬೋರ್ಡಿನ ಕಥೆ ಹೇಳು ಎಂದೆ. ಅಪ್ಪನದ್ದು ಹೇಳು ಎಂದೆ. ಚಾವಣಿ ನೋಡುತ್ತಾಳೆ. ಎರಡು ಗಂಟೆ ಹಾಗೇ ಕೂತಿದ್ದೆ. ಹಿಂದೆ ಬೆನ್ನು ತೋರಿಸುತ್ತಿದ್ದಳು, ಈಗ ಬೆನ್ನು ತಿರುಗಿಸಲು ಆಗದ್ದಕ್ಕೆ ಮುಖ ತೋರಿಸುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ.

ನನಗೆ ನಿಜಕ್ಕೂ ಸಿಟ್ಟು ಬಂತು. ಇವಳಿಗೋಸ್ಕರ ರಜೆ, ಇವಳಿಗೋಸ್ಕರ ನಿದ್ದೆಗೇಡು. ಒಂದು ಗಂಟೆಗೆ ಕೊಡಬೇಕಾದದ್ದನ್ನು ಒಂದೂಮುಕ್ಕಾಲಿಗೆ ಕೊಟ್ಟೆ. ಕೇಳಲೂ ಇಲ್ಲ.

ಬಲಹಿಮ್ಮಡಿಯಲ್ಲಿ ಕೆಂಪು ಗಾಯ ಆಗಿದೆ. ಕಾಲು ಅಲುಗಿಸದೆ ಬಿಗಿಹಿಡಿದು ಮಲಗುವುದರಿಂದ ಹಾಗಾಗುತ್ತದೆ ಎಂದು ಆಯಾ ಹೇಳಿದಳು. ಇವಳೂ ಡಾಕ್ಟರಾದಳು.

ಜುಲೈ 19, ಭಾನುವಾರ

ಅಣ್ಣ ಬಂದ. ಈ ಸಲ ದ್ರಾಕ್ಷಿ.

"ಹೇಗಿದ್ದೀಯಮ್ಮಾ?"

"ಐದು."

ನನಗೆ ಒಳಗೊಳಗೇ ಸಮಾಧಾನವಾಯಿತು. ಕೊನೆಗೂ ಇಬ್ಬರಿಗೂ ಒಂದೇ ಉತ್ತರ. ಅಣ್ಣ ಅರ್ಧ ಗಂಟೆ ಕೂತ. ಹೊರಡುವಾಗ ಬಾಗಿಲ ಹತ್ತಿರ ನನ್ನ ತೋಳು ಹಿಡಿದು ಪಿಸುಗುಟ್ಟಿದ. "ಏನೇ ಇದು? ನೀರು ಬೇಕಾ ಅಂದ್ರೆ ಐದು ಅಂತಾಳೆ. ನಾನ್ಯಾರು ಗೊತ್ತಾ ಅಂದ್ರೆ ಐದು ಅಂತಾಳೆ."

"ವಯಸ್ಸು" ಎಂದೆ.

"ನೀನು ಪೆನ್ ತಗೊಂಡಾಗ ಅವಳು ಕಣ್ಣು ಮುಚ್ಕೊಂಡಳು, ನೋಡ್ದ್ಯಾ?"

ವಾರಕ್ಕೆ ಅರ್ಧ ಗಂಟೆ ಬರುವವರ ಕಣ್ಣು ಬಹಳ ಚುರುಕು. ನಾಳೆಯಿಂದ ನೀನೇ ಇಟ್ಟುಕೋ, ನಿನ್ನ ಮನೆಯಲ್ಲಿ ಲಿಫ್ಟೂ ಇದೆ ಎಂದೆ. ತೋಳು ಬಿಟ್ಟ. ಮೆಟ್ಟಿಲಿಳಿಯುವ ಸದ್ದು ಬೇಗ ಬೇಗ ಕೇಳಿಸಿತು.

ಜುಲೈ 20, ಸೋಮವಾರ

ಐದು. ಐದು. ಐದು.

ಜುಲೈ 22, ಬುಧವಾರ

ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದು. ಡಾಕ್ಟರು, ಕೈಯಲ್ಲಿ ಕಪ್ಪು ಚೀಲ, ಹಿಂದೆ ಒಬ್ಬ ನರ್ಸು. ನಾನು ಕರೆದಿರಲಿಲ್ಲ. ಆಯಾ ಅಡುಗೆಮನೆಯಿಂದ ಬಂದು, "ನಾನೇ ಫೋನ್ ಮಾಡ್ದೆ ಅಕ್ಕ. ನಂಬರು ಪಟ್ಟಿ ಮೇಲಿತ್ತು. ಕೆಲಸದಿಂದ ತೆಗೀತೀರಾ ಅಂದ್ರೆ ತೆಗೀರಿ" ಎಂದು ಎದೆ ಸೆಟೆಸಿ ನಿಂತಳು.

ಡಾಕ್ಟರು ಮೊದಲು ಪಟ್ಟಿ ನೋಡಿದರು. ಬೆರಳಿಟ್ಟು ಸಾಲು ಸಾಲಾಗಿ ಕೆಳಗಿನವರೆಗೆ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತು ಅಮ್ಮನ ಹಣೆಯ ಮೇಲೆ ಕೈಯಿಟ್ಟರು.

"ಅಮ್ಮಾ, ನೋವು ಎಷ್ಟಿದೆ?"

ಅಮ್ಮ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಐದು" ಎಂದಳು.

"ನಾನು ಕಾಲು ಸ್ವಲ್ಪ ಎತ್ತಿ ನೋಡ್ತೀನಿ, ಆಯ್ತಾ? ಬೇಡ ಅನ್ಸಿದ್ರೆ ಹೇಳಿ."

ಹಿಮ್ಮಡಿಯ ಕೆಳಗೆ ಅಂಗೈಯಿಟ್ಟು ಎರಡು ಬೆರಳಷ್ಟು ಎತ್ತಿದರು. ಅಮ್ಮನ ಮೈ ಬಿಲ್ಲಿನ ಹಾಗೆ ಬಾಗಿತು. ಹತ್ತು ದಿನದಿಂದ ಕೇಳದಿದ್ದ ಆ ಕೂಗು ಕೋಣೆ ತುಂಬಿತು. "ಐದು! ಐದು! ಪುಟ್ಟೀ, ಐದೇ ಅಂದೆ ಕಣೇ, ಐದೇ ಅಂದೆ, ಕೊಡೇ!"

ಕೆಳಗೆ ಹೊಲಿಗೆ ಯಂತ್ರ ನಿಂತಿತು. ಡಾಕ್ಟರು ಕಾಲನ್ನು ಮೊಟ್ಟೆಯಷ್ಟು ಜೋಪಾನವಾಗಿ ಕೆಳಗಿಟ್ಟರು. ನನ್ನ ಕಡೆ ತಿರುಗಲೇ ಇಲ್ಲ. ನರ್ಸಿಗೆ, "ನರದ ಬ್ಲಾಕ್ ಇಂಜೆಕ್ಷನ್ ಈಗ್ಲೇ ಕೊಡೋಣ" ಎಂದರು. ನಾನು ಲೆಕ್ಕ ಹೇಳಲು ಹೋದೆ. ಅಣ್ಣನ ಮುಂದೆ ಎರಡು, ನನ್ನ ಮುಂದೆ ಒಂಬತ್ತು, ಆದ್ದರಿಂದ ಸರಾಸರಿ ಎಂದು. ಬಾಯಿಂದ ಹೊರಗೆ ಬಂದಾಗ ಆ ಲೆಕ್ಕ ಹೇಗೋ ಇತ್ತು.

"ಒಂಬತ್ತು ಅಂದ್ರಾ? ಯಾವಾಗ?" ಎಂದರು.

"ಎರಡನೇ ತಾರೀಕಿಂದು ನಿಮಗೆ ಹೇಳಿದ್ದೆ. ಆಮೇಲೆ ಐದನೇ ತಾರೀಕು. ಆರನೇ ತಾರೀಕೂ."

"ನಾನು ಏಳನೇ ತಾರೀಕೇ ಬರ್ತಿದ್ದೆ" ಎಂದರು. ಅಷ್ಟೇ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಮೊಬೈಲಿನಷ್ಟು ದೊಡ್ಡ ಸ್ಕ್ಯಾನಿಂಗ್ ಯಂತ್ರವನ್ನು ತೊಡೆಸಂದಿಗೆ ಹಿಡಿದು, ಪರದೆ ನೋಡುತ್ತಾ ಸೂಜಿ ಹಾಕಿದರು. ಒಟ್ಟು ಇಪ್ಪತ್ತು ನಿಮಿಷ. ಇಪ್ಪತ್ತೇ ನಿಮಿಷ. ಸೂಜಿ ತೆಗೆದು ಅರ್ಧ ಗಂಟೆಯಾದ ಮೇಲೆ ಆಯಾ, ನರ್ಸು ಸೇರಿ ಅಮ್ಮನನ್ನು ಎಡಕ್ಕೆ ತಿರುಗಿಸಿದರು. ಅಮ್ಮ ಉಸಿರು ಬಿಗಿಹಿಡಿದು ಕಾದಳು. ಏನೂ ಆಗಲಿಲ್ಲ. ಮತ್ತೂ ಕಾದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಆಯಾ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ನಾನು ಹತ್ತಿರ ಹೋಗಲು ಜಾಗವಿರಲಿಲ್ಲ.

ಹೋಗುವ ಮುಂಚೆ ಡಾಕ್ಟರು ಪಟ್ಟಿ ಕಿತ್ತು ಚೀಲಕ್ಕೆ ಹಾಕಿಕೊಂಡರು. ಹೊಸದನ್ನು ಆಯಾಳ ಕೈಗೆ ಕೊಟ್ಟರು. ಮಂಪರು ಬರುತ್ತದೆಯೇ ಎಂದು ಕೇಳಿದೆ. "ಇದಕ್ಕೆ ಮಂಪರು ಇಲ್ಲ ಮೇಡಂ. ಇನ್ನು ಸಿರಪ್ಪೂ ಬಹಳ ಬೇಕಾಗಲ್ಲ. ಎಚ್ಚರವಾಗಿ ಇರ್ತಾರೆ, ಚೆನ್ನಾಗಿ ಮಾತಾಡ್ತಾರೆ" ಎಂದರು.

ಜುಲೈ 23, ಗುರುವಾರ

ಬೆಳಗ್ಗೆ ಮೈ ಒರೆಸಿದ್ದು ನನಗೆ ಗೊತ್ತೇ ಆಗಲಿಲ್ಲ. ಸದ್ದಿರಲಿಲ್ಲ. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾಗ ಕೋಣೆಯಿಂದ ನಗು ಕೇಳಿಸಿತು, ಇಬ್ಬರದ್ದು. ಅಮ್ಮ ಆಯಾಳಿಗೆ ಎಕ್ಸ್‌ಚೇಂಜಿನ ಕಥೆ ಹೇಳುತ್ತಿದ್ದಳು, ನಾನು ಕೇಳಿಲ್ಲದ ಯಾವುದೋ ಕಥೆ. ದನಿ ಸ್ಪಷ್ಟವಾಗಿತ್ತು. ಎಲ್ಲೂ ತುಂಡಾಗಲಿಲ್ಲ. ಎರಡು ಲೋಟ ಚಹಾ ಹಿಡಿದು ಬಾಗಿಲವರೆಗೆ ಹೋದೆ.

ಆಯಾ ಕೇಳುತ್ತಿದ್ದಳು. "ಈಗ ಎಷ್ಟು ಬರೀಲಿ ಅಜ್ಜಿ?"

"ಸೊನ್ನೆ ಕಣೇ. ಪೂರ್ತಿ ಸೊನ್ನೆ." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ಬರೀಬೇಡ. ನನ್ನ ಮಗಳಿಗೆ ಗೊತ್ತಾಗೋದು ಬೇಡ. ನೋವಿಲ್ಲ ಅಂತ ಗೊತ್ತಾದ್ರೆ ಇದನ್ನೂ ನಿಲ್ಲಿಸ್ಬಿಡ್ತಾಳೆ."

ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ, ಚಹಾ ಆರಿತ್ತು. ಆಯಾ ಹೊರಗೆ ಬಂದು ನನ್ನನ್ನು ಕಂಡು ಪಕ್ಕಕ್ಕೆ ಸರಿದಳು. ಒಳಗೆ ಹೋದೆ. ಪೆನ್ನು ತೆಗೆದುಕೊಂಡಿರಲಿಲ್ಲ. ಎರಡೂ ಕೈ ಅವಳಿಗೆ ಕಾಣುವ ಹಾಗೆ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ.

"ಎಷ್ಟಮ್ಮ?"

"ಐದು."

"ಇಲ್ಲಮ್ಮ. ನಾನು ಏನೂ ನಿಲ್ಲಿಸಲ್ಲ. ನಿನ್ನಾಣೆ. ನಿಜ ಹೇಳು, ನೋವು ಇಲ್ಲ ತಾನೆ?"

ಅಮ್ಮ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಿನಲ್ಲಿದ್ದದ್ದು ಭಯ. ನನ್ನ ತರಗತಿಗಳಲ್ಲಿ ಮೂವತ್ತೊಂದು ವರ್ಷ ಕಂಡಿದ್ದೇನೆ, ಮರ್ಯಾದೆ ಎಂದುಕೊಂಡಿದ್ದೆ. ಆಮೇಲೆ ಅವಳು ಹುಬ್ಬು ಗಂಟಿಕ್ಕಿದಳು. ಕಣ್ಣು ಮುಚ್ಚಿ, ಒಂದನ್ನು ತೆರೆದು ನಾನು ನೋಡುತ್ತಿದ್ದೇನೆಯೇ ಎಂದು ಖಚಿತ ಮಾಡಿಕೊಂಡು ಮತ್ತೆ ಮುಚ್ಚಿದಳು. "ಅಯ್ಯೋ" ಎಂದಳು. ಸ್ವಲ್ಪ ತಡೆದು, ಪಾಠ ಒಪ್ಪಿಸುವವಳ ಹಾಗೆ, ಇನ್ನೊಮ್ಮೆ "ಅಯ್ಯೋ" ಎಂದಳು. ತೊಡೆ ಹಿಡಿದುಕೊಂಡು ನರಳಿ ತೋರಿಸಿದಳು. ಹಿಡಿದುಕೊಂಡದ್ದು ಎಡ ತೊಡೆ.

ಇಷ್ಟು ದಿನ ನಾನು ನಾಟಕ ಎಂದಿದ್ದೆ. ನಾಟಕ ಇವತ್ತು ನೋಡಿದೆ. ಅಮ್ಮನಿಗೆ ನಾಟಕವಾಡಲು ಬರುವುದೇ ಇಲ್ಲ.